ಬೆಕ್ಕಿನ ಕೂದಲು ಮನೆ ತುಂಬ ಆಗ್ತಿದ್ಯಾ? ತೊಂದ್ರೆ ಎಲ್ಲಿದೆ ಅಂತ ಮೊದ್ಲು ಹುಡುಕಿ

ಹೋದ ಮಳೆಗಾಲದಲ್ಲಿ ನಮ್ಮನೆ ವಾಷಿಂಗ್ ಮಷೀನ್ ನೀರು ಹೊರಗೆ ಬಿಡೋದನ್ನೇ ನಿಲ್ಲಿಸ್ಬಿಡ್ತು. ರಿಪೇರಿ ಹುಡುಗ ಬಂದು ಮುಂದ್ಗಡೆ ಕೆಳಗಿನ ಮೂಲೇಲಿರೋ ಪುಟ್ಟ ಮುಚ್ಚಳ ತೆಗ್ದು, ಫಿಲ್ಟರ್ ತಿರುಗಿಸಿ ಎಳೆದ. ಅಂಗೈ ಅಗಲದ ಬೂದು ಬಣ್ಣದ ಮುದ್ದೆ ಬಂತು, ಕಂಬಳಿ ತುಂಡಿನ ಥರ ಒತ್ತಾಗಿ ಹೆಣ್ಕೊಂಡಿತ್ತು, ಅದರೊಳಗೆ ಒಂದು ಶರ್ಟ್ ಗುಂಡಿ, ಒಂದು ರೂಪಾಯಿ ನಾಣ್ಯ ಸಿಕ್ಕಾಕ್ಕೊಂಡಿತ್ತು. "ಅಕ್ಕಾ, ಮನೇಲಿ ಬೆಕ್ಕು ಸಾಕಿದ್ದೀರಾ?" ಅಂದ. ಎರಡಿದೆ ಅಂದೆ. "ಹಂಗಿದ್ರೆ ತಿಂಗಳಿಗೊಂದ್ಸಲ ಇದನ್ನ ನೀವೇ ತೆಗ್ದು ತೊಳ್ಕೊಳ್ಳಿ, ಇಷ್ಟಕ್ಕೆಲ್ಲ ವಿಸಿಟಿಂಗ್ ಚಾರ್ಜ್ ಕೊಡ್ಬೇಡಿ" ಅಂತ ತೋರಿಸ್ಕೊಟ್ಟು ಹೋದ.

ಅವನು ಕೆಲ್ಸ ಮಾಡಿದ ರೀತಿ ನನಗೆ ತುಂಬ ಹಿಡಿಸ್ತು. ಮೋಟ್ರು ಹೋಗಿದೆ, ಬೋರ್ಡು ಹೋಗಿದೆ ಅಂತ ಏನೂ ಅನ್ಲಿಲ್ಲ, ಮೊದ್ಲು ನೀರು ಎಲ್ಲಿ ನಿಂತಿದೆ ಅಂತ ನೋಡ್ದ. ಬೆಕ್ಕಿನ ಕೂದಲಿನ ವಿಷ್ಯದಲ್ಲಿ ಅದಕ್ಕೆ ಮುಂಚೆ ಆರು ತಿಂಗಳು ನಾನು ಮಾಡಿದ್ದು ಇದಕ್ಕೆ ಪೂರ್ತಿ ಉಲ್ಟಾ, ಮೂರು ಥರ ಬ್ರಶ್ ತಗೊಂಡೆ, ಫುಡ್ ಬದಲಾಯಿಸ್ದೆ, ಮೈಗೆ ಕೊಬ್ಬರಿ ಎಣ್ಣೆ ಸವರಿ ನೋಡ್ದೆ, ಆದ್ರೆ ಕೂದಲು ಯಾಕೆ ಉದುರ್ತಿದೆ ಅಂತ ಬೆಕ್ಕಿನ ಮೈ ಕೆದರಿ ಒಂದ್ಸಲಾನೂ ಸರಿಯಾಗಿ ನೋಡಿರ್ಲಿಲ್ಲ. ಕಾರಣ ಬೇರೇನೇ ಇತ್ತು, ಆರು ತಿಂಗಳು ಆ ಪ್ರಾಣಿ ಸುಮ್ನೆ ಕಷ್ಟಪಡ್ತು. ಬೇರೆ ಬೆಕ್ಕುಗಳಿಗೆ ಹಾಗಾಗ್ದಿರ್ಲಿ ಅಂತ ಇಷ್ಟು ವಿವರವಾಗಿ ಬರೀತಿದ್ದೀನಿ.

ನಮ್ಮನೇಲಿರೋದು ಬೆಳ್ಳಿ ಅಂತ ಒಂದು ಪರ್ಷಿಯನ್ ಮಿಕ್ಸ್, ಉದ್ದ ಕೂದಲು, ಐದು ವರ್ಷ. ಇನ್ನೊಂದು ಕರಿಯ, ರಸ್ತೇಲಿ ಸಿಕ್ಕಿದ ನಾಡು ಬೆಕ್ಕು, ಗಂಡು, ಆಪರೇಷನ್ ಆಗಿದೆ.

ಹತ್ತು ನಿಮಿಷದ ತಪಾಸಣೆ

ಬೆಳಗ್ಗೆ ಬಿಸಿಲು ಬೀಳೋ ಕಿಟಕಿ ಹತ್ರ ಹಳೇ ಬಿಳಿ ಪಂಚೆ ಹಾಸಿ. ಪಕ್ಕದಲ್ಲಿ ಒಂದು ಹೇನಿನ ಬಾಚಣಿಗೆ, ಒದ್ದೆ ಮಾಡಿದ ಬಿಳಿ ಟಿಶ್ಯೂ, ಫೋನು ಇಟ್ಕೊಳ್ಳಿ. ಬೆಕ್ಕು ಊಟ ಮಾಡಿ ತೂಕಡಿಸೋ ಹೊತ್ತು ನೋಡ್ಕೊಂಡು ಕೂರಿಸ್ಕೊಳ್ಳಿ, ಹಸಿದಿದ್ದಾಗ ಇಲ್ಲಾ ಆಟದ ಮೂಡಲ್ಲಿದ್ದಾಗ ಆಗಲ್ಲ.

ಕೂದಲನ್ನ ಉಲ್ಟಾ ದಿಕ್ಕಲ್ಲಿ ಕೆದರಿ ಚರ್ಮ ನೋಡಿ. ಬುಡದಲ್ಲಿ ಚರ್ಮ ತಿಳಿಯಾಗಿ, ಒಂದೇ ಸಮ ಇರ್ಬೇಕು, ಕೆಂಪು, ಹಕ್ಕಳೆ, ಹೊಟ್ಟು, ಕಪ್ಪು ಪುಡಿ ಯಾವ್ದೂ ಇರ್ಬಾರ್ದು. ಕತ್ತಿನ ಹಿಂದೆ, ಬಾಲದ ಬುಡ, ಹೊಟ್ಟೆ, ಹಿಂಗಾಲಿನ ಒಳತೊಡೆ, ಕಿವಿ ಅಂಚು, ಈ ಐದು ಜಾಗ ಬಿಡ್ಬೇಡಿ. ಕಣ್ಣಿಗೂ ಕಿವಿಗೂ ಮಧ್ಯೆ ಕೂದಲು ತೆಳ್ಳಗಿರೋದು ಮಾತ್ರ ಸಹಜ, ಎಲ್ಲಾ ಬೆಕ್ಕಿಗೂ ಇರತ್ತೆ, ಕಪ್ಪು ಬೆಕ್ಕಲ್ಲಿ ಎದ್ದು ಕಾಣತ್ತೆ ಅಷ್ಟೇ. ಕರಿಯನ್ನ ಮನೆಗೆ ತಂದ ಹೊಸದ್ರಲ್ಲಿ ನಮ್ಮಮ್ಮ "ಏನೇ ಇದು, ಇದರ ಹಣೆ ಬೋಳಾಗಿದ್ಯಲ್ಲೇ, ರೋಗ ಇರೋದನ್ನ ತಂದಿದ್ದೀಯಾ?" ಅಂತ ಗಾಬರಿಯಾಗಿದ್ರು.

ಆಮೇಲೆ ಕೂದಲಿನ ತುದಿ ನೋಡಿ, ಇದನ್ನ ಯಾರೂ ಮಾಡಲ್ಲ, ಆದ್ರೆ ತುಂಬ ಉಪಯೋಗಕ್ಕೆ ಬರತ್ತೆ. ತಾನಾಗೇ ಉದುರಿದ ಕೂದಲಿನ ಒಂದು ತುದಿ ಸೂಜಿ ಥರ ಸಣ್ಣಗಾಗ್ತಾ ಹೋಗಿರತ್ತೆ. ನೆಕ್ಕಿ ನೆಕ್ಕಿ ತುಂಡಾಗಿರೋ ಕೂದಲಾದ್ರೆ ತುದಿ ಮೊಂಡು. ಕೂದಲು ಕಮ್ಮಿ ಆಗಿರೋ ಜಾಗದಲ್ಲಿ ಕೈ ಆಡಿಸಿದ್ರೆ ಎರಡು ದಿನದ ಗಡ್ಡ ಮುಟ್ಟಿದ ಹಾಗೆ ಚುಚ್ಚಿದ್ರೂ ಅದೇ ಅರ್ಥ, ಅಂದ್ರೆ ಕೂದಲು ಬುಡದಿಂದ ಬಂದಿಲ್ಲ, ಬೆಕ್ಕೇ ಅದನ್ನ ಮುರಿದು ಹಾಕ್ತಿದೆ. ಬರಿಗಣ್ಣಿಗೆ ಕಾಣ್ದಿದ್ರೆ ಫೋನ್ ಕ್ಯಾಮೆರಾ ಝೂಮ್ ಮಾಡಿ.

ಕೊನೇಗೆ ಹೇನಿನ ಬಾಚಣಿಗೆನ ಬಾಲದ ಬುಡದಿಂದ ನಾಲ್ಕೈದು ಸಲ ಎಳೆದು, ಅದರಲ್ಲಿ ಬಂದಿದ್ದನ್ನ ಒದ್ದೆ ಟಿಶ್ಯೂ ಮೇಲೆ ಕೊಡವಿ ಎರಡು ನಿಮಿಷ ಬಿಡಿ. ಎಲ್ಲದರ ಫೋಟೋ ತೆಗೆದಿಟ್ಕೊಳ್ಳಿ.

ಮೈಯೆಲ್ಲ ಸಮ ಇದೆ, ಚರ್ಮ ಚೆನ್ನಾಗಿದೆ, ಆದ್ರೂ ರಾಶಿ ಕೂದಲು

ಹಾಗಿದ್ರೆ ಬೆಕ್ಕಿಗೆ ಏನೂ ಆಗಿಲ್ಲ, ಇದು ಅದರ ಸಹಜ ಉದುರುವಿಕೆ. ಪ್ರತಿ ಕೂದಲೂ ಬೆಳೆದು, ಸ್ವಲ್ಪ ದಿನ ಸುಮ್ನಿದ್ದು, ಉದುರಿ, ಅದೇ ಜಾಗದಲ್ಲಿ ಹೊಸದು ಬರತ್ತೆ. ಈ ಚಕ್ರನ ಮುಖ್ಯವಾಗಿ ನಡೆಸೋದು ಹಗಲು ಎಷ್ಟು ಉದ್ದ ಅನ್ನೋದು, ಸೆಖೆ ಚಳಿ ಅದಕ್ಕೆ ಜೊತೆ ಸೇರ್ಕೊಳ್ಳತ್ತೆ. ಲಂಡನ್‌ನಲ್ಲಿ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ 8 ಗಂಟೆಗೂ ಮೇಲೆ ವ್ಯತ್ಯಾಸ, ಅಲ್ಲಿ ಬೆಕ್ಕು ಸಾಕಿರೋ ನಮ್ಮ ಕನ್ನಡದೋರಿಗೆ ಸೀಸನ್ ಬಂದಾಗ ಕೂದಲು ರಾಶಿ ಬೀಳೋದು ಗೊತ್ತಾಗತ್ತೆ. ನಮ್ಮ ಬೆಂಗಳೂರು ಮೈಸೂರು ಕಡೆ ಆ ವ್ಯತ್ಯಾಸ ಬರೀ ಒಂದೂವರೆ ಗಂಟೆ ಆಸುಪಾಸು, ಅದರ ಮೇಲೆ ಮನೆ ಒಳಗಿರೋ ಬೆಕ್ಕಿಗೆ ರಾತ್ರಿ ಹನ್ನೊಂದರ ತನಕ ಟ್ಯೂಬ್‌ಲೈಟ್ ಬೇರೆ. ಹಾಗಾಗಿ ಇಲ್ಲಿ ವರ್ಷಪೂರ್ತಿ ಸ್ವಲ್ಪ ಸ್ವಲ್ಪ ಉದುರ್ತಾನೇ ಇರತ್ತೆ. ನಿಲ್ಲಿಸೋಕಾಗಲ್ಲ, ನಿಲ್ಲಿಸತ್ತೆ ಅಂತ ಮಾರೋ ಪುಡಿ, ಸ್ಪ್ರೇ ಏನೇ ಇದ್ರೂ ದುಡ್ಡು ಹಾಕ್ಬೇಡಿ.

ಮರಿ ಬೆಕ್ಕು ದೊಡ್ಡದಾಗೋವಾಗ ಹತ್ತಿಯಂಥ ಮರಿಗೂದಲು ಹೋಗತ್ತೆ. ಮರಿ ಹಾಕಿ ಹಾಲು ಕೊಡ್ತಿರೋ ತಾಯಿಗೆ, ಜೋರು ಜ್ವರ ಇಲ್ಲಾ ಆಪರೇಷನ್ ಆದ ಕೆಲವು ವಾರಕ್ಕೆ ಒಮ್ಮೆಲೇ ಜಾಸ್ತಿ ಉದುರತ್ತೆ, ಆಮೇಲೆ ತಾನೇ ಸರಿಹೋಗತ್ತೆ. ಇಂಥ ಬೆಕ್ಕಾದ್ರೆ ನೇರವಾಗಿ ಕೆಳಗೆ ಬ್ರಶ್ ಬಗ್ಗೆ, ಮನೆ ಬಗ್ಗೆ ಬರ್ದಿರೋದನ್ನ ಓದ್ಕೊಳ್ಳಿ.

ಟಿಶ್ಯೂ ಮೇಲೆ ಕಪ್ಪು ಚುಕ್ಕೆ

ಬೆಳ್ಳಿಗೆ ಆಗಿದ್ದು ಇದೇ. ಬಾಚಣಿಗೆಯಿಂದ ಬಿದ್ದಿದ್ದು ಕಾಳುಮೆಣಸಿನ ಪುಡಿ ಥರ ಏನೋ, ಬರೀ ಮಣ್ಣು ಅನ್ಕೊಂಡಿದ್ದೆ. ಒಂದು ನಿಮಿಷ ಆಗೋಷ್ಟರಲ್ಲಿ ಒಂದೊಂದು ಕಣದ ಸುತ್ತಾನೂ ಕೆಂಪು ಮಿಶ್ರ ಕಂದು ಬಣ್ಣ ನಿಧಾನಕ್ಕೆ ಟಿಶ್ಯೂ ಒಳಗೆ ಹರಡ್ತು, ಕುಂಕುಮ ನೀರಲ್ಲಿ ಬಿಟ್ಕೊಂಡ ಹಾಗೆ. ಮಣ್ಣಾಗಿದ್ರೆ ಕೆಂಪು ಬಿಡಲ್ಲ. ಅದು ಚಿಗಟದ ಹಿಕ್ಕೆ, ಅಂದ್ರೆ ಬೆಳ್ಳಿಯದೇ ರಕ್ತ ಜೀರ್ಣ ಆಗಿ ಬಿದ್ದಿರೋದು. ನೋಡಿ ಹೊಟ್ಟೆ ತೊಳೆಸಿದ ಹಾಗಾಯ್ತು, ಅಯ್ಯೋ ಇಷ್ಟು ದಿನ ಇದನ್ನ ಹೊತ್ಕೊಂಡು ನನ್ನ ಪಕ್ಕಾನೇ ಮಲಗಿತ್ತಲ್ಲಾ ಅಂತ.

ನಮ್ಮ ಬೆಕ್ಕು ಹೊರಗೇ ಹೋಗಲ್ಲ, ಚಿಗಟ ಒಂದೂ ಕಂಡಿಲ್ಲ ಅಂತ ತುಂಬ ಜನ ಹೇಳ್ತಾರೆ, ನಾನೂ ಹಾಗೇ ನಂಬಿದ್ದೆ. ಬೆಕ್ಕು ನೆಕ್ಕಿ ನೆಕ್ಕಿ ಚಿಗಟಾನ ನುಂಗಿಬಿಡತ್ತೆ, ಅದಕ್ಕೇ ಕಣ್ಣಿಗೆ ಸಿಗಲ್ಲ, ಹಿಕ್ಕೆ ಮಾತ್ರ ಉಳಿಯತ್ತೆ. ಮನೆಗೆ ಬರೋಕೆ ಇನ್ನೊಂದು ಪ್ರಾಣಿ ಬಂದು ಹೋದ್ರೂ ಸಾಕು, ನಮ್ಮ ಬಟ್ಟೆಗೆ ಅಂಟ್ಕೊಂಡೂ ಬರತ್ತೆ. ಕೆಲವು ಬೆಕ್ಕಿಗೆ ಚಿಗಟದ ಜೊಲ್ಲಿಗೇ ಅಲರ್ಜಿ, ಒಂದೆರಡು ಕಚ್ಚಿದ್ರೂ ಬಾಲದ ಬುಡ, ಕತ್ತಿನ ಸುತ್ತ ಸಣ್ಣ ಸಣ್ಣ ಹಕ್ಕಳೆ ಏಳತ್ತೆ, ಕೂದಲೊಳಗೆ ಬೆರಳಾಡಿಸಿದ್ರೆ ರಾಗಿ ಕಾಳು ಸಿಕ್ಕಿದ ಹಾಗಿರತ್ತೆ. ಗುದದ ಹತ್ರ ಅಥವಾ ಮಲಗೋ ಜಾಗದಲ್ಲಿ ಅಕ್ಕಿ ಕಾಳಿನಂಥ ಬಿಳಿ ಚೂರು ಕಂಡ್ರೆ ಅದು ಲಾಡಿಹುಳದ ತುಂಡು, ಹೆಚ್ಚಾಗಿ ಚಿಗಟ ನುಂಗೋದ್ರಿಂದ ಅದು ಹೊಟ್ಟೆಗೆ ಹೋಗೋದು, ಹಾಗಾಗಿ ಹುಳದ ಔಷಧಿ ಒಂದೇ ಕೊಟ್ರೆ ಮತ್ತೆ ಬರತ್ತೆ.

ಇದಕ್ಕೆ ಪರಿಹಾರ ಡಾಕ್ಟ್ರು ತೂಕ ನೋಡಿ ಕೊಡೋ ಸ್ಪಾಟ್ ಆನ್ ಹನಿ, ಸೆಲಾಮೆಕ್ಟಿನ್ ಅಥವಾ ಬೆಕ್ಕಿಗೆ ಅಂತಾನೇ ಇರೋ ಫಿಪ್ರೋನಿಲ್. ಕತ್ತಿನ ಹಿಂದೆ, ನಾಲಿಗೆ ತಲುಪದ ಜಾಗದಲ್ಲಿ ಕೂದಲು ಬಿಡಿಸಿ ಚರ್ಮದ ಮೇಲೆ ಬಿಡ್ಬೇಕು. ಮನೇಲಿ ಎಷ್ಟು ಬೆಕ್ಕು ನಾಯಿ ಇದ್ಯೋ ಅಷ್ಟಕ್ಕೂ ಒಟ್ಟಿಗೇ, ಅವವಕ್ಕೆ ಅಂತ ಇರೋ ಔಷಧಿ, ಕಮ್ಮಿ ಅಂದ್ರೂ ಮೂರು ತಿಂಗಳು ಬಿಡದೆ. ಯಾಕೆ ಅಷ್ಟು ದಿನ ಅಂದ್ರೆ ಮೈಮೇಲಿರೋ ಚಿಗಟ ಒಟ್ಟು ಸಂಖ್ಯೆಯಲ್ಲಿ ಸ್ವಲ್ಪಾನೇ, ಮೊಟ್ಟೆ ಮರಿ ಎಲ್ಲ ಹಾಸಿಗೆ ಸಂದಿ, ಸೋಫಾ ಅಡಿ, ಚಾಪೆ ಕೆಳಗೆ ಇರತ್ತೆ, ಮೈ ಸುತ್ತ ಗೂಡು ಕಟ್ಕೊಂಡು ಒಳಗೆ ಸೇರ್ಕೊಂಡಿರೋ ಮರಿ ತಿಂಗಳುಗಟ್ಟಲೆ ಕಾಯ್ಕೊಂಡು ಇದ್ದು ಆಮೇಲೆ ಹೊರಗೆ ಬರತ್ತೆ. ಬೆಕ್ಕು ಮಲಗೋ ಬಟ್ಟೆನೆಲ್ಲ ವಾರಕ್ಕೊಂದ್ಸಲ 60 ಡಿಗ್ರಿ ಬಿಸಿನೀರಲ್ಲಿ ಒಗೀರಿ, ಸಂದಿಗೊಂದಿಗೆಲ್ಲ ವ್ಯಾಕ್ಯೂಮ್ ಹಾಕಿ, ಆ ಕಸನ ತಕ್ಷಣ ಕವರ್‌ಗೆ ಕಟ್ಟಿ ಹೊರಗೆ ಹಾಕಿ.

ಇಲ್ಲಿ ಒಂದು ಮಾತು ದಯವಿಟ್ಟು ಮನಸ್ಸಿಟ್ಟು ಓದಿ. ನಾಯಿಗೆ ಹಾಕೋ ಚಿಗಟದ ಪುಡಿ, ಶಾಂಪೂ, ಹನಿ ಯಾವ್ದನ್ನೂ ಬೆಕ್ಕಿಗೆ ಹಾಕ್ಬೇಡಿ. ತುಂಬ ನಾಯಿ ಔಷಧಿಗಳಲ್ಲಿ ಪರ್ಮೆಥ್ರಿನ್ ಇರತ್ತೆ, ಬೆಕ್ಕಿನ ಲಿವರ್‌ಗೆ ಅದನ್ನ ಒಡೆದು ಹೊರಗೆ ಹಾಕೋ ಶಕ್ತಿ ಇಲ್ಲ, ಮೈ ನಡುಗಿ ಫಿಟ್ಸ್ ಬಂದು ಪ್ರಾಣಾನೇ ಹೋಗತ್ತೆ. ನಾನು ಬೆಳ್ಳಿಗೆ ಅಂತ ಕೇಳಿದಾಗ ಒಂದು ಅಂಗಡೀಲಿ "ಇದು ಎರಡಕ್ಕೂ ಆಗತ್ತೆ ಮೇಡಂ, ಸ್ವಲ್ಪ ಕಮ್ಮಿ ಹಾಕಿ" ಅಂತ ನಾಯಿ ಪುಡೀನೇ ಕೊಟ್ಟಿದ್ರು, ಮನೆಗೆ ಬಂದು ಡಬ್ಬಿ ಹಿಂದೆ ಓದಿ ವಾಪಸ್ ಕೊಟ್ಟು ಬಂದೆ. ಹಾಗೇ ನೆಲ ಒರೆಸೋ ಫಿನಾಯಿಲ್, ಕರ್ಪೂರ, ಟೀ ಟ್ರೀ ಎಣ್ಣೆ ಇವೂ ಬೆಕ್ಕಿಗೆ ವಿಷಾನೇ, ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿದ್ರೆ ಒಳಗೆ ಹೋಯ್ತು ಅಂತಾನೇ ಲೆಕ್ಕ. ಚಿಗಟಕ್ಕೆ ಒಳ್ಳೇದು ಅಂತ ಯಾರಾದ್ರೂ ಹೇಳಿದ್ರೂ ಹಚ್ಬೇಡಿ.

ಹೊಟ್ಟೆ, ಒಳತೊಡೆ ಬೋಳು, ಚರ್ಮ ಮಾತ್ರ ನುಣ್ಣಗೆ

ಎರಡೂ ಕಡೆ ಒಂದೇ ಥರ ಕೂದಲು ಹೋಗಿ, ಮುಟ್ಟಿದ್ರೆ ಚುಚ್ಚತ್ತೆ ಅಂದ್ರೆ ನೆಕ್ಕಿ ಹೋಗಿರೋದು. ನೆಕ್ಕೋದನ್ನ ನಾವು ನೋಡೇ ಇಲ್ಲ ಅಂತ ಅನ್ಸ್‌ಬಹುದು, ಬೆಕ್ಕು ಎಷ್ಟೋ ಸಲ ಮಂಚದ ಕೆಳಗೆ ಕೂತು ರಾತ್ರಿ ಹೊತ್ತು ನೆಕ್ಕತ್ತೆ. ಜನ ತಕ್ಷಣ ಟೆನ್ಷನ್ ಅಂತ ತೀರ್ಮಾನಕ್ಕೆ ಬರ್ತಾರೆ, ಆದ್ರೆ ಟೆನ್ಷನ್ ಅನ್ನೋದು ಕೊನೇಲಿ ಉಳಿಯೋ ಉತ್ತರ ಆಗ್ಬೇಕು. ಮೊದ್ಲು ಚಿಗಟ ಇಲ್ಲ ಅಂತ ಆಗ್ಲಿ, ಆಮೇಲೆ ಆಹಾರದ ಅಲರ್ಜಿ, ಆಮೇಲೆ ನೋವು. ಮೂತ್ರಕೋಶದಲ್ಲಿ ಉರಿ ಇದ್ರೆ ಬೆಕ್ಕು ಸರಿಯಾಗಿ ಆ ಜಾಗದ ಮೇಲಿರೋ ಹೊಟ್ಟೇನೇ ನೆಕ್ಕತ್ತೆ.

ಕರಿಯ ಹೀಗೆ ಶುರು ಮಾಡಿದಾಗ ಡಾಕ್ಟ್ರು ಕೇಳಿದ ಮೊದಲ ಪ್ರಶ್ನೆ ಕೂದಲಿನ ಬಗ್ಗೆ ಅಲ್ವೇ ಅಲ್ಲ, "ಲಿಟರ್ ಬಾಕ್ಸಲ್ಲಿ ದಿನಕ್ಕೆ ಎಷ್ಟು ಗಂಟು ಸಿಗತ್ತಮ್ಮ, ಎಷ್ಟು ದಪ್ಪ ಇರತ್ತೆ?" ಅಂದ್ರು. ಲಿಟರ್ ಬಾಕ್ಸ್ ಅಂದ್ರೆ ಬೆಕ್ಕಿನ ಟಾಯ್ಲೆಟ್ ಡಬ್ಬಿ, ಮೂತ್ರ ಬಿದ್ದ ಕಡೆ ಅದರ ಮರಳು ಗಂಟು ಕಟ್ಟತ್ತೆ. ಅವತ್ತಿನವರೆಗೂ ಎತ್ತಿ ಬಿಸಾಕ್ತಿದ್ದೆ, ಎಣಿಸಿರ್ಲಿಲ್ಲ. ಎಣಿಸೋಕೆ ಶುರು ಮಾಡಿದ್ಮೇಲೆ ಗೊತ್ತಾಯ್ತು, ಪುಟ್ಟ ಪುಟ್ಟದು ಏಳೆಂಟು ಸಲ. ಯೂರಿನ್ ಟೆಸ್ಟ್, ಸ್ಕ್ಯಾನ್ ಮಾಡಿ ಮೂತ್ರಕೋಶ ಊದಿದೆ ಅಂದ್ರು, ವೆಟ್ ಫುಡ್ ಜಾಸ್ತಿ ಮಾಡಿ, ನೀರಿಗೆ ಮೂರು ಕಡೆ ಬಟ್ಟಲಿಟ್ಟು, ಕಿಟಕಿ ಹೊರಗೆ ಬಂದು ಕೂತು ಗುರ್ ಅಂತಿದ್ದ ಪಕ್ಕದ ಬೀದಿ ಗಂಡು ಬೆಕ್ಕು ಕಾಣ್ದಿರೋ ಹಾಗೆ ಗಾಜಿಗೆ ಪೇಪರ್ ಅಂಟಿಸಿದ್ವಿ. ಎರಡು ತಿಂಗಳಿಗೆ ಹೊಟ್ಟೆ ಮೇಲೆ ಕಪ್ಪು ವೆಲ್ವೆಟ್ ಥರ ಕೂದಲು ವಾಪಸ್ ಬಂತು.

ಗಂಡು ಬೆಕ್ಕು ಲಿಟರ್ ಬಾಕ್ಸಿಗೆ ಮತ್ತೆ ಮತ್ತೆ ಹೋಗಿ ತಿಣುಕಿದ್ರೂ ಮೂತ್ರ ಬರ್ತಿಲ್ಲ ಅಂದ್ರೆ ನಾಳೆ ನೋಡೋಣ ಅನ್ನೋ ವಿಷ್ಯ ಅಲ್ಲ ಅದು, ದಾರಿ ಕಟ್ಕೊಂಡಿರತ್ತೆ, ಒಂದೆರಡು ದಿನದಲ್ಲೇ ಜೀವ ಹೋಗತ್ತೆ. ಅದೇ ಗಳಿಗೇಲಿ ಹೊರಡಿ.

ದುಂಡಗೆ ಬೋಳು, ಕಿವಿ ಅಂಚಲ್ಲಿ ಹಕ್ಕಳೆ

ದುಂಡು ಮಚ್ಚೆ, ಮೇಲೆ ಬೂದಿ ಥರ ಹೊಟ್ಟು, ಅಂಚಲ್ಲಿ ಮುರಿದ ಕೂದಲು ಇದ್ರೆ ಹುಳುಕಡ್ಡಿ ಅಂತ ಅನುಮಾನ ಪಡಿ. ಹೆಸರಲ್ಲಿ ಹುಳು ಇದೆ ಅಷ್ಟೇ, ಅದು ಫಂಗಸ್, ಮೈಕ್ರೋಸ್ಪೋರಮ್ ಕ್ಯಾನಿಸ್ ಅಂತ. ಮರಿಗಳಲ್ಲಿ, ಉದ್ದ ಕೂದಲಿನ ಪರ್ಷಿಯನ್‌ಗಳಲ್ಲಿ ಜಾಸ್ತಿ. ಮನುಷ್ಯರಿಗೂ ಅಂಟತ್ತೆ, ಮನೇಲಿ ಮಕ್ಕಳ ಕೈ ಮೇಲೆ ಉಂಗುರದ ಥರ ಕೆಂಪು ಗುರುತು ಬಂದಿದ್ರೆ ಬೆಕ್ಕಿನ ಡಾಕ್ಟ್ರಿಗೂ ಹೇಳಿ. ಡಾಕ್ಟ್ರು ಕತ್ತಲೇಲಿ ವುಡ್ಸ್ ಲ್ಯಾಂಪ್ ಅನ್ನೋ ನೇರಳೆ ಲೈಟ್ ಹಿಡಿದ್ರೆ ಕೆಲವು ಸಲ ಕೂದಲು ಹಸಿರಾಗಿ ಹೊಳೆಯತ್ತೆ, ಹೊಳೀದಿದ್ರೆ ಇಲ್ಲ ಅಂತ ಅರ್ಥ ಅಲ್ಲ, ಕಲ್ಚರ್ ಮಾಡಿಸ್ಬೇಕು, ಅಂದ್ರೆ ಲ್ಯಾಬಲ್ಲಿ ಕೂದಲಿಂದ ಫಂಗಸ್ ಬೆಳೆಸಿ ನೋಡೋದು, ಅದರ ರಿಪೋರ್ಟ್‌ಗೆ ಎರಡು ಮೂರು ವಾರ ಹಿಡಿಯಬಹುದು. ಅಲ್ಲೀವರ್ಗೂ ಬೆಕ್ಕನ್ನ ಸುಲಭವಾಗಿ ಒರೆಸಬಹುದಾದ ಒಂದು ರೂಮಲ್ಲಿ ಇಡಿ, ಉದುರಿದ ಕೂದಲನ್ನ ದಿನಾ ತೆಗೀರಿ, ಯಾಕಂದ್ರೆ ಫಂಗಸ್ ಬೀಜ ಇರೋದು ಆ ಕೂದಲಲ್ಲೇ ಮತ್ತು ಅದು ತಿಂಗಳುಗಟ್ಟಲೆ ಬದುಕತ್ತೆ. ನಮ್ಮ ಮನೆ ಮೆಡಿಸಿನ್ ಡಬ್ಬೀಲಿರೋ ತುರಿಕೆ ಕ್ರೀಮ್ ಹಚ್ಬೇಡಿ, ಎಷ್ಟೋ ಕ್ರೀಮ್‌ಗಳಲ್ಲಿ ಸ್ಟೀರಾಯ್ಡ್ ಸೇರಿರತ್ತೆ, ಮೇಲೆ ಕಮ್ಮಿ ಆದ ಹಾಗೆ ಕಂಡು ಒಳಗೇ ಹರಡತ್ತೆ, ಮೇಲಾಗಿ ಬೆಕ್ಕು ಅದನ್ನ ನೆಕ್ಕಿ ತಿನ್ನತ್ತೆ.

ಕಿವಿ ಅಂಚಿಂದ ಶುರುವಾಗಿ ಮುಖ, ಕತ್ತಿಗೆ ಇಳಿಯೋ ದಪ್ಪ ಹಕ್ಕಳೆ, ರಕ್ತ ಬರೋ ಹಾಗೆ ಕೆರ್ಕೊಳ್ಳೋದು, ಇದು ಕಜ್ಜಿ, ಬೀದಿ ಬೆಕ್ಕುಗಳಲ್ಲಿ ತುಂಬ ನೋಡ್ತೀವಿ. ಚರ್ಮ ಸ್ವಲ್ಪ ಕೆರೆದು ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಹುಳ ಕಾಣತ್ತೆ. ನೋಡೋಕೆ ಭಯಂಕರವಾಗಿದ್ರೂ ಸರಿಯಾದ ಔಷಧಿಗೆ ಚೆನ್ನಾಗಿ ವಾಸಿಯಾಗತ್ತೆ, ದಯವಿಟ್ಟು ಯಾರೂ ಇಂಥ ಬೆಕ್ಕನ್ನ ಕೈ ಬಿಡ್ಬೇಡಿ. ಬೆಂಗಳೂರಲ್ಲಿರೋರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬಹುದು.

ಕೂದಲು ಒರಟು, ಹೊಳಪಿಲ್ಲ, ಮೈಯೆಲ್ಲ ಹೊಟ್ಟು

ಇದರಲ್ಲಿ ಮೊದ್ಲು ತಟ್ಟೆ ನೋಡ್ಬೇಕು. ನಮ್ಮದು ಸಸ್ಯಾಹಾರಿ ಮನೆ, ಅಮ್ಮ ಪ್ರೀತಿಯಿಂದ ಹಾಕ್ತಿದ್ದಿದ್ದು ಹಾಲನ್ನ, ಮೊಸರನ್ನ. ಬೆಕ್ಕು ಪೂರ್ತಿ ಮಾಂಸಾಹಾರಿ ಪ್ರಾಣಿ, ಅದಕ್ಕೆ ಬೇಕಾದ ಟಾರಿನ್, ಅರಾಕಿಡಾನಿಕ್ ಆಮ್ಲ ಅನ್ನೋ ಪೋಷಕಾಂಶಗಳು ಪ್ರಾಣಿ ಆಹಾರದಿಂದಾನೇ ಸಿಗ್ಬೇಕು, ಕೂದಲು ಅನ್ನೋದೇ ಪ್ರೋಟೀನು, ಅನ್ನದಲ್ಲಿ ಎಲ್ಲಿಂದ ಬರ್ಬೇಕು ಅದು. ದೊಡ್ಡ ಬೆಕ್ಕುಗಳಿಗೆ ಹಾಲು ಜೀರ್ಣ ಆಗದೆ ಭೇದಿ ಆಗೋದೂ ಉಂಟು. ಮನೇಲಿ ಮೀನು ಮಾಂಸ ಮಾಡಲ್ಲ ಅಂದ್ರೆ ಒಳ್ಳೇ ಕ್ಯಾಟ್ ಫುಡ್ ಪ್ಯಾಕೆಟ್ ಹಾಕಿ, ಪ್ಯಾಕೆಟ್ ಹಿಂದೆ ಕಂಪ್ಲೀಟ್ ಫುಡ್ ಅಂತ ಇದ್ಯಾ, ಒಣ ಆಹಾರ ಆದ್ರೆ ಪ್ರೋಟೀನ್ 30 ಪರ್ಸೆಂಟ್ ಆಸುಪಾಸು ಇದ್ಯಾ ನೋಡಿ, ದೊಡ್ಡ ಬೆಕ್ಕಿಗೆ ಕನಿಷ್ಠ ಅಂತ ಇಟ್ಟಿರೋದು 26. ನಾಯಿ ಫುಡ್ ಆಗಲ್ಲ. ಕರಾವಳಿ ಕಡೆಯೋರು ಬರೀ ಬೂತಾಯಿ ಬಂಗುಡೆ ಹಾಕಿ ಸಾಕೋದೂ ಸರಿ ಹೋಗಲ್ಲ, ಹಸಿ ಮೀನೇ ದಿನಾ ತಿಂದ್ರೆ ಬಿ1 ವಿಟಮಿನ್ ಕೊರತೆ ಆಗತ್ತೆ, ಬೇಯಿಸಿ, ಬೇರೆ ಆಹಾರದ ಜೊತೆ ಸ್ವಲ್ಪ ಕೊಡಿ.

ಆಹಾರ ಬದಲಾಯಿಸಿದ್ರೆ ಒಂದು ವಾರಕ್ಕೇ ನೋಡ್ಬೇಡಿ, ಹೊಸ ಕೂದಲು ಬೆಳೀಬೇಕಲ್ಲ, ಆರರಿಂದ ಎಂಟು ವಾರ ಕೊಡಿ.

ವಯಸ್ಸಾದ ಬೆಕ್ಕಿಗೆ ಬಾಲದ ಹತ್ರ ಮಾತ್ರ ಸಿಕ್ಕು, ಹೊಟ್ಟು ಅಂದ್ರೆ ಮೈ ತಿರುಗಿಸಿ ನೆಕ್ಕೋಕಾಗ್ತಿಲ್ಲ ಅಂತ, ಕೀಲು ನೋವಿರ್ಬಹುದು, ಇಲ್ಲಾ ತುಂಬ ದಪ್ಪ ಆಗಿರ್ಬಹುದು. ಹತ್ತು ವರ್ಷ ದಾಟಿರೋ ಬೆಕ್ಕು ಚೆನ್ನಾಗಿ ತಿಂದೂ ಸೊರಗ್ತಿದೆ, ಕೂದಲು ಕೆದರ್ಕೊಂಡಿದೆ ಅಂದ್ರೆ ಥೈರಾಯ್ಡ್, ಶುಗರ್ ಟೆಸ್ಟ್ ಮಾಡಿಸಿ.

ಬ್ರಶ್ ಮಾಡ್ತಿದ್ದೀನಿ, ಆದ್ರೂ ಕಮ್ಮಿ ಆಗ್ತಿಲ್ಲ

ಗಿಡ್ಡ ಕೂದಲಿನ ನಾಡು ಬೆಕ್ಕಿಗೆ ರಬ್ಬರ್ ಮುಳ್ಳಿನ ಗ್ಲೌಸ್ ಸಾಕು, ವಾರಕ್ಕೆ ಎರಡು ಮೂರು ಸಲ. ಉದ್ದ ಕೂದಲಿಗೆ ದಿನಾ ಬೇಕು, ಮೊದ್ಲು ಅಗಲ ಹಲ್ಲಿನ ಸ್ಟೀಲ್ ಬಾಚಣಿಗೆ, ಆಮೇಲೆ ಸ್ಲಿಕ್ಕರ್ ಬ್ರಶ್, ಅಂದ್ರೆ ಸಣ್ಣ ತಂತಿ ಮುಳ್ಳಿನ ಬ್ರಶ್. ನಾನು ಮಾಡ್ತಿದ್ದ ತಪ್ಪು ಏನಂದ್ರೆ ಬರೀ ಬ್ರಶ್ಶನ್ನ ಮೇಲ್ಮೇಲೆ ಆಡಿಸ್ತಿದ್ದೆ, ಮೇಲಿನ ಕೂದಲು ರೇಷ್ಮೆ ಥರ ಹೊಳೀತಿತ್ತು, ಒಳಗಿನ ಸಣ್ಣ ಉಣ್ಣೆಯಂಥ ಕೂದಲು ಹಾಗೇ ಸತ್ತು ಸಿಕ್ಕಾಗ್ತಿತ್ತು. ಈಗ ಹೆಣ್ಮಕ್ಕಳಿಗೆ ಬೈತಲೆ ತೆಗೆದ ಹಾಗೆ ಸಾಲು ಸಾಲಾಗಿ ಬಿಡಿಸಿ, ಬುಡದಿಂದ ಬಾಚ್ತೀನಿ, ಐದು ನಿಮಿಷಕ್ಕಿಂತ ಜಾಸ್ತಿ ಇಲ್ಲ, ಮುಗಿದ ತಕ್ಷಣ ಒಂದು ಟ್ರೀಟ್. ಬಾಲ ಪಟಪಟ ಅಂತ ಬಡಿಯೋಕೆ ಶುರುವಾದ್ರೆ ಅವತ್ತಿಗೆ ಅಷ್ಟೇ, ನಿಲ್ಲಿಸ್ಬಿಡಿ.

ಉದುರೋ ಕೂದಲು ಎಳೆದು ತೆಗೆಯೋಕೆ ಅಂತ ಬರೋ ಬ್ಲೇಡ್ ಇರೋ ಡೀಶೆಡ್ಡಿಂಗ್ ಟೂಲನ್ನ ಒಂದೇ ಜಾಗದಲ್ಲಿ ಒತ್ತಿ ಎಳೆದ್ರೆ ಚೆನ್ನಾಗಿರೋ ಕೂದಲೂ ತುಂಡಾಗತ್ತೆ, ಚರ್ಮ ಕೆಂಪಾಗತ್ತೆ. ರಾಶಿ ಬರ್ತಿದೆ ಅಂತ ಖುಷಿಯಾಗಿ ಎಳೀತಾ ಕೂರ್ಬೇಡಿ. ಸಿಕ್ಕನ್ನ ಕತ್ತರಿಯಿಂದ ಕತ್ತರಿಸ್ಲೇಬೇಡಿ, ಬೆಕ್ಕಿನ ಚರ್ಮ ಪೇಪರ್ ಥರ ತೆಳು, ಸಿಕ್ಕು ಎತ್ತಿದ್ರೆ ಚರ್ಮಾನೂ ಜೊತೆಗೇ ಎದ್ದು ಬರತ್ತೆ, ಎಲ್ಲಿ ಕೂದಲು ಮುಗಿದು ಚರ್ಮ ಶುರುವಾಯ್ತು ಅಂತ ಗೊತ್ತಾಗಲ್ಲ. ಬೆರಳಿಂದ ಬಿಡಿಸಿ, ಆಗ್ಲಿಲ್ಲ ಅಂದ್ರೆ ಟ್ರಿಮ್ಮರ್ ಇರೋ ಗ್ರೂಮರ್ ಹತ್ರ ಇಲ್ಲಾ ಡಾಕ್ಟ್ರ ಹತ್ರ ಹೋಗಿ. ಸೆಖೆ ಅಂತ ಪೂರ್ತಿ ಬೋಳಿಸೋದೂ ಬೇಡ.

ಬೆಕ್ಕು ಸರಿಯಾಗಿದೆ, ಮನೇದೇ ಸಮಸ್ಯೆ

ಪೊರಕೆ ತಗೊಂಡು ಗುಡಿಸಿದ್ರೆ ಅರ್ಧ ಕೂದಲು ಗಾಳಿಗೆ ಏಳತ್ತೆ, ಫ್ಯಾನ್ ಓಡ್ತಿದ್ರೆ ಕೇಳೋದೇ ಬೇಡ, ಗುಡಿಸಿ ಹತ್ತು ನಿಮಿಷಕ್ಕೆ ಮತ್ತೆ ಮೂಲೇಲಿ ಉಂಡೆ. ಫ್ಯಾನ್ ಆಫ್ ಮಾಡಿ, ಮೊದ್ಲು ಅಗಲ ಒದ್ದೆ ಮಾಪ್ ಒಂದ್ಸಲ ಎಳೀರಿ, ಕೂದಲು ಅದಕ್ಕೇ ಅಂಟತ್ತೆ. ಫ್ಯಾನ್ ರೆಕ್ಕೆ ಮೇಲ್ಗಡೆ ನೋಡಿದ್ದೀರಾ, ಧೂಳು ಕೂದಲು ಸೇರಿ ಗೆರೆ ಕಟ್ಟಿರತ್ತೆ, ಹಳೇ ದಿಂಬಿನ ಕವರನ್ನ ರೆಕ್ಕೆಗೆ ತೊಡಿಸಿ ಎಳೆದ್ರೆ ಎಲ್ಲ ಕವರೊಳಗೇ ಬೀಳತ್ತೆ.

ಸೋಫಾಗೆ ಪಾತ್ರೆ ತೊಳೆಯೋ ರಬ್ಬರ್ ಗ್ಲೌಸ್ ಒದ್ದೆ ಮಾಡ್ಕೊಂಡು ಒಂದೇ ದಿಕ್ಕಿಗೆ ಒರೆಸಿ, ಅಂಟು ರೋಲರ್‌ಗಿಂತ ಚೆನ್ನಾಗಿ ಬರತ್ತೆ ಮತ್ತು ದುಡ್ಡು ಖರ್ಚಿಲ್ಲ. ವೆಲ್ವೆಟ್, ಪಾಲಿಸ್ಟರ್ ಬಟ್ಟೆ ಕೂದಲನ್ನ ಎಳ್ಕೊಳ್ಳತ್ತೆ, ಒತ್ತಾಗಿ ನೇಯ್ದ ಕಾಟನ್ ಬೆಡ್‌ಶೀಟ್ ಬೆಕ್ಕಿನ ಇಷ್ಟದ ಜಾಗಕ್ಕೆ ಹಾಸಿದ್ರೆ ಮುಕ್ಕಾಲು ಕೂದಲು ಅಲ್ಲೇ ಸಿಗತ್ತೆ.

ಬಟ್ಟೆನ ಮಷೀನ್‌ಗೆ ಹಾಕೋ ಮುಂಚೆ ಒಣಗಿದ್ದಾಗಲೇ ಜಾಡಿಸ್ಬೇಕು, ಒದ್ದೆ ಆದ್ಮೇಲೆ ಕೂದಲು ನೂಲೊಳಗೆ ಸೇರ್ಕೊಂಡುಬಿಡತ್ತೆ. ಫ್ರಂಟ್ ಲೋಡ್ ಆದ್ರೆ ತಿಂಗಳಿಗೊಂದ್ಸಲ ಪ್ಲಗ್ ತೆಗ್ದು, ನಲ್ಲಿ ಬಂದ್ ಮಾಡಿ, ಮುಚ್ಚಳದ ಕೆಳಗೆ ಅಗಲ ತಟ್ಟೆ ಇಟ್ಟು, ಪಕ್ಕದ ಪುಟ್ಟ ಪೈಪಿಂದ ನೀರು ಇಳಿಸಿ, ಆಮೇಲೆ ಫಿಲ್ಟರ್ ತಿರುಗಿಸಿ. ಬಿಸಿನೀರಲ್ಲಿ ಒಗೆದ ತಕ್ಷಣ ತೆಗೀಬೇಡಿ, ಕೈ ಸುಡತ್ತೆ. ಟಾಪ್ ಲೋಡ್ ಆದ್ರೆ ಒಳಗಡೆ ಬಲೆ ಚೀಲ ಇರತ್ತೆ, ಪ್ರತಿ ಸಲ ಒಗೆದಾದ್ಮೇಲೆ ಉಲ್ಟಾ ಮಾಡಿ ತೊಳೀರಿ.

ವ್ಯಾಕ್ಯೂಮ್ ಎಳೀತಿಲ್ಲ ಅಂದ್ರೆ ಮೋಟರ್ ಹೋಗಿದೆ ಅನ್ನೋ ಮುಂಚೆ ಬ್ರಶ್ ರೋಲರ್ ತಿರುಗಿಸಿ ನೋಡಿ, ಅದರ ಎರಡೂ ಕೊನೇಲಿ ಕೂದಲು ದಾರದ ಥರ ಬಿಗಿಯಾಗಿ ಸುತ್ಕೊಂಡಿರತ್ತೆ, ಕತ್ತರಿಸಿ ತೆಗೀರಿ, ಫಿಲ್ಟರ್ ತೊಳೆದಿದ್ರೆ ಪೂರ್ತಿ ಒಣಗಿದ ಮೇಲೇ ಹಾಕಿ. ಎಸಿ ಇದ್ರೆ ಅದರ ಜಾಲರಿನ ಎರಡು ವಾರಕ್ಕೊಂದ್ಸಲ.

ಮನೇಲಿ ಯಾರಿಗಾದ್ರೂ ಸೀನು, ಕಣ್ಣು ತುರಿಕೆ ಇದ್ರೆ ಕೂದಲು ಗುಡಿಸೋದೊಂದೇ ಸಾಲಲ್ಲ. ಅಲರ್ಜಿ ಮಾಡೋದು ಬೆಕ್ಕಿನ ಜೊಲ್ಲಲ್ಲಿ, ಚರ್ಮದ ಎಣ್ಣೇಲಿ ಇರೋ ಫೆಲ್ ಡಿ 1 ಅನ್ನೋ ಪ್ರೋಟೀನ್, ಕೂದಲು ಅದನ್ನ ಹೊತ್ಕೊಂಡು ಓಡಾಡತ್ತೆ ಅಷ್ಟೇ. ತುಂಬ ಸಣ್ಣ ಕಣ ಆಗಿರೋದ್ರಿಂದ ಗಂಟೆಗಟ್ಟಲೆ ಗಾಳೀಲಿ ತೇಲತ್ತೆ. ಹೆಪಾ ಅನ್ನೋ ತುಂಬ ಸಣ್ಣ ಕಣ ಹಿಡಿಯೋ ಫಿಲ್ಟರ್ ಇರೋ ಏರ್ ಪ್ಯೂರಿಫೈಯರ್ ಇದಕ್ಕೆ ಸಹಾಯ ಮಾಡತ್ತೆ, ನೆಲದ ಮೇಲಿನ ಕೂದಲಿಗೆ ಮಾಡಲ್ಲ. ಮಲಗೋ ರೂಮಿಗೆ ಬೆಕ್ಕನ್ನ ಬಿಡದೆ ಇರೋದೇ ಎಲ್ಲಕ್ಕಿಂತ ಗಟ್ಟಿ ಉಪಾಯ, ನನಗೆ ಮಾತ್ರ ಅದು ಮನಸ್ಸಿಗೆ ಕಷ್ಟ.

ವಾಂತೀಲಿ ಕೂದಲು

ಬೆಕ್ಕಿನ ನಾಲಿಗೆ ಮೇಲೆ ಗಂಟಲ ಕಡೆಗೆ ಬಾಗಿರೋ ಮುಳ್ಳುಗಳಿರೋದ್ರಿಂದ ಬಾಯಿಗೆ ಸಿಕ್ಕಿದ ಕೂದಲು ಒಳಗೇ ಹೋಗ್ಬೇಕು. ಅಪರೂಪಕ್ಕೆ ಒಂದು ಉದ್ದನೆ ಉಂಡೆ ಕಕ್ಕೋದು ಗಾಬರಿ ಆಗೋ ವಿಷ್ಯ ಅಲ್ಲ. ವಾರ ವಾರ ಆಗ್ತಿದ್ರೆ ಜಾಸ್ತಿ ನೆಕ್ಕೋಕೆ ಕಾರಣ ಏನು ಅಂತ ಮೇಲಿಂದ ಮತ್ತೆ ತಪಾಸಣೆ ಶುರು ಮಾಡಿ. ನೆಲಕ್ಕೆ ಕುಕ್ಕರಿಸಿ, ಕತ್ತು ಮುಂದೆ ಚಾಚಿ ಕೆಮ್ಮಿ, ಏನೂ ಹೊರಗೆ ಬರ್ತಿಲ್ಲ ಅಂದ್ರೆ ಅದು ಹೇರ್‌ಬಾಲ್, ಅಂದ್ರೆ ಕೂದಲಿನ ಉಂಡೆ, ಇರ್ಲಿಕ್ಕಿಲ್ಲ, ಆಸ್ತಮಾ ಹೀಗೇ ಕಾಣತ್ತೆ, ವಿಡಿಯೋ ಮಾಡಿ ತೋರಿಸಿ. ಮತ್ತೆ ಮತ್ತೆ ವಾಂತಿ, ಊಟ ಬಿಟ್ಟಿದೆ, ಕಕ್ಕ ಮಾಡಿಲ್ಲ, ಹೊಟ್ಟೆ ಮುಟ್ಟಿಸ್ಕೊಳ್ತಿಲ್ಲ ಅಂದ್ರೆ ಕರುಳಲ್ಲಿ ಕಟ್ಕೊಂಡಿರ್ಬಹುದು, ಅವತ್ತೇ ತೋರಿಸ್ಬೇಕು.

ಡಾಕ್ಟ್ರ ಹತ್ರ ಹೋಗೋವಾಗ ತೆಗ್ದಿಟ್ಟ ಫೋಟೋ, ಟಿಶ್ಯೂ, ಒಂದು ಜಿಪ್ ಕವರಲ್ಲಿ ಉದುರಿದ ಕೂದಲು, ಫುಡ್ ಪ್ಯಾಕೆಟ್ ಹಿಂಭಾಗದ ಫೋಟೋ, ಕೊನೇ ಸಲ ಚಿಗಟದ ಔಷಧಿ ಹಾಕಿದ ತಾರೀಖು ಇಷ್ಟು ಇಟ್ಕೊಳ್ಳಿ. ಹಿಂದಿನ ದಿನ ನೀಟಾಗಿರ್ಲಿ ಅಂತ ಸ್ನಾನ ಮಾಡಿಸಿ, ಬಾಚಿ ಕರ್ಕೊಂಡು ಹೋಗ್ಬೇಡಿ, ಅವರು ನೋಡ್ಬೇಕಾಗಿರೋ ಹಕ್ಕಳೆ, ಹೊಟ್ಟು, ಕಪ್ಪು ಪುಡಿ ಎಲ್ಲ ಬಕೆಟ್ ನೀರಲ್ಲೇ ಹೋಗಿರತ್ತೆ.